ನೀರಿನ ಮೂಗು

ಸಿಂಧನೂರು ಬಸ್‌ಸ್ಟ್ಯಾಂಡಿನ ಗಾಜಿನ ಗೂಡಲ್ಲಿ ಕೂತು
ಹನ್ನೊಂದು ವರ್ಷ ಕೂಗಿದ್ದೇನೆ:
ಮಸ್ಕಿ, ಲಿಂಗಸುಗೂರು, ಮಾನ್ವಿ, ರಾಯಚೂರು,
ಅಂಕಣ ನಾಲ್ಕು, ಹೊರಡಲು ಸಿದ್ಧ.
ಸಿದ್ಧಳಾಗಿ ನಾನೆಲ್ಲೂ ಹೊರಟವಳಲ್ಲ.

ಈ ಸಲ ಮೂರು ದಿನ ರಜೆ ಬರೆದುಕೊಟ್ಟು
ಕಾರಟಗಿಯಲ್ಲಿ ಇಳಿದೆ.
ಫೋನನ್ನು ದೊಡ್ಡವ್ವನ ಸಜ್ಜೆ ಡಬ್ಬಿಯೊಳಗೆ
ಮೊಣಕೈವರೆಗೆ ಕೈ ಇಳಿಸಿ ಹೂತಿಟ್ಟೆ.
"ಮೊಳಕಿ ಬಂದ್ರ ಫೋನ್ ಹಚ್ಚತೀನಿ" ಅಂದಳು.
"ಯಾವುದಕ್ಕ ಹಚ್ಚತಿ?" ಅಂದೆ.
ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಡ್ಯಾಮಿನಿಂದ ನೀರು ಬಿಟ್ಟು ಎರಡು ದಿನವಾಗಿತ್ತು.
ಉಪಕಾಲುವೆ ಕವಲೊಡೆಯುವಲ್ಲಿ, ಏರಿಯ ಮೇಲೆ,
ಹೆಗಲಿಗೆ ಗೇಟು ತಿರುವುವ ಕಬ್ಬಿಣದ ಹಿಡಿಕೆ,
ಕೈಯಲ್ಲಿ ಚಪ್ಪಲಿ,
ಲಸ್ಕರ್ ಹುಸೇನಪ್ಪ ಕಾಯುತ್ತ ಕೂತಿದ್ದ.
"ಎಷ್ಟಕ್ಕ ಬರ್ತದ ನೀರು?" ಕೇಳಿದೆ, ಬಾಯಿರೂಢಿ.
"ಬಂದಾಗ ಬರ್ತದ ಅಕ್ಕಾರ,
ಅದರ ಕೈಯಾಗ ವಾಚಿಲ್ಲ."

ಮೊದಲು ಬಂದದ್ದು ಸದ್ದಲ್ಲ, ವಾಸನೆ.
ಬಿರಿದ ಹೂಳಿನ ಮೇಲೆ ಯಾರೋ ಉಸಿರು ಬಿಟ್ಟ ಹಾಗೆ.
ಆಮೇಲೆ ತಿರುವಿನಾಚೆಯಿಂದ ಒಂದು ಕಂದು ಅಂಚು,
ಅಂಚಿಗೆ ನೊರೆ,
ನೊರೆಯ ಮೇಲೆ ಜಾಲಿಕಾಯಿ, ಗುಟ್ಕಾ ಚೀಟಿ,
ಯಾವುದೋ ಮಗುವಿನ ಎಡಗಾಲಿನ ಚಪ್ಪಲಿ,
ಅಂಗಾತ ಬಿದ್ದೂ ಕಾಲಾಡಿಸುವ ಹುಳ.
"ಇದು ನೀರಿನ ಮೂಗು" ಅಂದ ಹುಸೇನಪ್ಪ.
"ಮೂಸಿಕೋತ ಹೋಗತದ, ನೋಡ್ರಿ."

ಮೂಸುತ್ತಿತ್ತು, ನಿಜ.
ಸಿಕ್ಕ ಬಿರುಕಿಗೆಲ್ಲ ನಿಂತು, ಬಗ್ಗಿ, ಒಳಗಿಳಿದು,
ಅದು ತುಂಬಿದ ಮೇಲೆಯೇ ಒಂದು ಗೇಣು ಮುಂದೆ.
ನಾನು ಮಾತ್ರ ನೂರು ಹೆಜ್ಜೆ ಮುಂದೆ ಹೋಗಿ
ಯಾರೋ ಬಸ್ಸು ತಪ್ಪಿಸಿಕೊಳ್ಳುತ್ತಾರೆ ಎಂಬಂತೆ
ತಿರುಗಿ ತಿರುಗಿ ನೋಡುತ್ತಿದ್ದೆ.

ಮಧ್ಯಾಹ್ನ ಬನ್ನಿಮರದ ಕೆಳಗೆ ರೊಟ್ಟಿ, ಪುಂಡಿಪಲ್ಯ.
ತಿಂದಾಯಿತು. ಕೈ ತೊಳೆದಾಯಿತು.
ಇನ್ನೇನು?
ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ತಾನು
ಮೇಲಕ್ಕೆ ಕೆಳಕ್ಕೆ ಗಾಳಿಯನ್ನು ಸವರುತ್ತಿತ್ತು.
ಅದಕ್ಕೊಂದು ಬೇವಿನ ಕಡ್ಡಿ ಕೊಟ್ಟೆ.
ಸಂಜೆವರೆಗೆ ಸಿಪ್ಪೆ ಸುಲಿಯಿತು, ಪಾಪ.

ಎಷ್ಟು ಊರು ದಾಟಿದೆವೋ ಹೆಸರು ಕೇಳಲಿಲ್ಲ.
ಹೆಸರು ಬಾಯಿಗೆ ಬಂದರೆ
ಹಿಂದೆಯೇ ಅಂಕಣದ ಸಂಖ್ಯೆ ಬರುತ್ತದೆ ನನಗೆ.

ಎರಡನೇ ಸಂಜೆ ಆರ್.ಎಚ್. ಕ್ಯಾಂಪಿನ ಸೇತುವೆ.
ಬಲೆ ಮಡಿಲಲ್ಲಿಟ್ಟು ಸಾಲಾಗಿ ಕೂತ ಹುಡುಗರು,
ಇನ್ನೂ ಬಾರದ ಮೀನಿಗೆ ಆಗಲೇ ಜಗಳ.
ಶೆಫಾಲಿ ಎಂಬ ಅಜ್ಜಿ ಮಂಡಾಳಿಗೆ
ಸಾಸಿವೆ ಎಣ್ಣೆ ಹಚ್ಚಿ ತಂದುಕೊಟ್ಟಳು.
"ಎಲ್ಲಿಂದ ನಡಕೊಂತ ಬಂದಿ?"
ಅವಳ ಕನ್ನಡದಲ್ಲಿ ಬೇರೊಂದು ಹೊಳೆಯ ತೇವ.
ಕಾರಟಗಿಯಿಂದ ಅಂದೆ, ಸ್ವಲ್ಪ ಜಂಬದಿಂದಲೇ.
"ಅಷ್ಟೇನಾ?" ಅಂದಳು.

ಮೂಗು ಬಂತು.
ಅಜ್ಜಿ ಸೀರೆ ತುಸು ಎತ್ತಿ ಪಾವಟಿಗೆಯಲ್ಲಿ ಕೂತು
ಹೆಬ್ಬೆರಳು ಮುಳುಗುವ ತನಕ ಕಾದಳು,
ಆಮೇಲೆ ಹಿಮ್ಮಡಿ, ಆಮೇಲೆ ಮೀನಖಂಡ.
ಹುಡುಗರೂ ಯಾಕೋ ಸುಮ್ಮನಾದರು.
ಟಿಟ್ಟಿಭವೊಂದೇ ಗದ್ದೆಯ ಮೇಲೆ ಬೈದುಕೊಂಡು ಹಾರಿತು.

ಆ ರಾತ್ರಿ ಗೇಟಿನ ಪಕ್ಕದ ಹೊರಸಿನಲ್ಲಿ ಮಲಗಿದೆ.
ಬೆಳಗ್ಗೆ ಎದ್ದರೆ ಕಾಲುವೆ ತುಂಬ ನೀರು, ಮೂಗಿಲ್ಲ.
ಹುಸೇನಪ್ಪನೂ ಇಲ್ಲ,
ಅವನ ಬೀಡಿಯ ಬೂದಿ ಇನ್ನೂ ಬೆಚ್ಚಗಿತ್ತು.
ಕೂಗದೆಯೇ ಹೊರಟಿದ್ದವು ಎರಡೂ.
ಓಡಿದ್ದರೆ ಸಿಗುತ್ತಿತ್ತೇನೋ.
ಓಡಲಿಲ್ಲ.
ಮುಖ ತೊಳೆದು, ತುಂಬಿದ ನೀರನ್ನು ನೋಡುತ್ತ ಕೂತೆ.
ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಈಗ ಮತ್ತೆ ಗಾಜಿನ ಗೂಡು.
ಮಾನ್ವಿ, ಅಂಕಣ ನಾಲ್ಕು, ಹೊರಡಲು ಸಿದ್ಧ.
ಕಿಟಕಿಯಿಂದ ಕಾಣುತ್ತದೆ: ಡ್ರೈವರ್ ಇನ್ನೂ
ಒಗ್ಗರಣಿಗೆ ಎರಡನೇ ಮಿರ್ಚಿ ಕೇಳುತ್ತಿದ್ದಾನೆ.
ಎರಡನೇ ಸಲ ಕೂಗುವುದಿಲ್ಲ ನಾನು.
ತಿನ್ನಲಿ.

ಫೋನು ಸಜ್ಜೆಯಲ್ಲೇ ಇದೆ.
ಶನಿವಾರ ಹೋಗಿ ತರಬೇಕು.
ಮೊಳಕೆ ಬಂದ ಸುದ್ದಿ ಇನ್ನೂ ಇಲ್ಲ.