ಕಾಲಿಗೆ ಬುದ್ಧಿ ಹೇಳುವುದು

ಕ್ಲಾಕ್ಸ್‌ವೀಕಿನ ಒಳಾಂಗಣ. ಬೆಳಗಿನ ಏಳು.
ಹೊರಗೆ ಗಾಳಿ, ಮೀನು ಕಾರ್ಖಾನೆಗೆ ಮೊದಲ ಪಾಳಿಯವರ ಸೈಕಲ್ಲು.
ಮಂಡಿಯೂರಿ ನೆಲಕ್ಕೆ ಅಳತೆಪಟ್ಟಿ ಅಂಟಿಸುತ್ತೇನೆ:
ಆರು ಮೀಟರು, ಬಿಳಿ,
ಸೊನ್ನೆಯಿಂದ ಶುರು.

ಬ್ಯಾರ್ಟಾ ಶೂಸಿನ ಲೇಸು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಾಳೆ.
ಹತ್ತೊಂಬತ್ತು ವಯಸ್ಸು.
ಎಡ ಮಂಡಿಯ ಮೇಲೆ ಮರಿಮೀನಿನಂಥ ಹೊಲಿಗೆಯ ಗುರುತು.
ಎಂಟು ತಿಂಗಳ ಹಿಂದೆ, ಇದೇ ನೆಲ,
ಚೆಂಡು ಕೈಯಲ್ಲೇ ಇತ್ತು, ಅವಳು ಬಲಕ್ಕೆ ತಿರುಗಿದಳು,
ಕಾಲು ತಿರುಗಲಿಲ್ಲ.
ಟಪ್ಪೆಂದ ಸದ್ದು
ಗ್ಯಾಲರಿಯ ಕೊನೇ ಸಾಲಿಗೂ ಕೇಳಿತ್ತು ಅನ್ನುತ್ತಾರೆ.
ಕೊನೇ ಸಾಲಿನಲ್ಲಿದ್ದವಳು ನಾನು. ಕೇಳಲಿಲ್ಲ.
ಅವಳು ನೆಲ ಮುಟ್ಟುವ ಮೊದಲೇ
ಮೆಟ್ಟಿಲಿಳಿಯುತ್ತಿದ್ದೆ.

ಓಡಿಹೋದವರನ್ನು
ಕಾಲಿಗೆ ಬುದ್ಧಿ ಹೇಳಿದರು ಅನ್ನುವುದುಂಟು.
ನನ್ನದು ಅಕ್ಷರಶಃ ಅದೇ ಕಸುಬು.
ಹೇಗೆ ನಿಲ್ಲಬೇಕು, ಹೇಗೆ ಇಳಿಯಬೇಕು,
ಇಳಿದಾಗ ಮಂಡಿ ಒಳಕ್ಕೆ ವಾಲದೆ
ಬೆರಳುಗಳ ದಿಕ್ಕನ್ನೇ ಹೇಗೆ ನೋಡಬೇಕು.
ಎಂಟು ತಿಂಗಳು ಹೇಳಿ ಹೇಳಿ
ಆ ಕಾಲಿಗೆ ನನ್ನ ದನಿಯೇ ಬೇಸರ ಬಂದಿರಬೇಕು.

ಇವತ್ತಿನದು ಒಂಟಿಕಾಲ ಜಿಗಿತ;
ಬಿಲ್ಲೆಯಿಲ್ಲದ ಕುಂಟೆಬಿಲ್ಲೆ.
ಹಾರಿದ ಕಾಲಲ್ಲೇ ಇಳಿ,
ಇಳಿದಲ್ಲಿ ಎರಡೆಣಿಸುವಷ್ಟು ಹೊತ್ತು ಕಲ್ಲಾಗು.
ಎಡ: ನೂರಾ ಇಪ್ಪತ್ತೆಂಟು ಸೆಂಟಿಮೀಟರು.
ಬಲ: ನೂರಾ ಮೂವತ್ತೆಂಟು.
ನೂರಕ್ಕೆ ತೊಂಬತ್ತೆರಡು! ಬೇಕಿದ್ದದ್ದು ತೊಂಬತ್ತು.
ಬಾಗಿಲಲ್ಲಿ ಕೋಚ್ ಹಾನುಸ್, ಕೈಯಲ್ಲಿ ಕಾಫಿ,
ಬಾಯಲ್ಲಿ ಆಗಲೇ ಶನಿವಾರದ ಸೆಮಿಫೈನಲ್.

ಆದರೆ ನನ್ನ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ.
ಗಾಯದ ಮುಂಚಿನ ಆಗಸ್ಟ್. ಇದೇ ಹುಡುಗಿ, ಬಲಗಾಲು:
ನೂರಾ ಅರವತ್ತೊಂದು.
ಒಪ್ಪುತ್ತೇನೆ, ಒಳ್ಳೆಯ ಕಾಲೂ ಕೂತು ಕೂತು ಮರೆಯುತ್ತದೆ.
ಆದರೆ ಇಷ್ಟಲ್ಲ.
ಬಲಗಾಲ ಸರದಿಯಲ್ಲಿ ಅವಳ ತೋಳು ಬೀಸಲಿಲ್ಲ,
ಮುಖ ಕೆಂಪೇರಲಿಲ್ಲ,
ನೆಲ ಬೆಚ್ಚಲಿಲ್ಲ.

ನಾನು ಎಡಗಾಲಿಗೆ ಬುದ್ಧಿ ಹೇಳುತ್ತಿದ್ದಷ್ಟು ದಿನ
ಇವಳು ಕದ್ದು ಬಲಗಾಲಿಗೆ ಹೇಳಿಕೊಟ್ಟಿದ್ದಾಳೆ:
ಸ್ವಲ್ಪ ಕಮ್ಮಿ ಹಾರು, ಅಕ್ಕಾ,
ತಂಗಿಗೆ ನಾಚಿಕೆಯಾಗದ ಹಾಗೆ.

ನನ್ನ ಕಾಲದಲ್ಲಿ ಪಟ್ಟಿಯಿರಲಿಲ್ಲ, ನೋಟ್‌ಬುಕ್ಕೂ ಇಲ್ಲ.
ಡಾಕ್ಟರು ಮಂಡಿ ಒತ್ತಿ, ನೋಯುತ್ತಾ? ಅಂದರು.
ಇಲ್ಲ, ಅಂದೆ.
ಆ ಒಂದು ಇಲ್ಲಕ್ಕೆ ಹದಿನಾಲ್ಕು ನಿಮಿಷ ಆಡಲು ಸಿಕ್ಕಿತು.
ಈಗ ಮೆಟ್ಟಿಲು ಇಳಿಯುವುದು ಅಡ್ಡಡ್ಡ,
ಏಡಿಯ ಹಾಗೆ.

ಬಲ, ಇನ್ನೊಮ್ಮೆ, ಅಂದೆ.
ಅವಳು ನೋಡಿದಳು. ನೋಟ್‌ಬುಕ್ಕನ್ನಲ್ಲ, ನನ್ನನ್ನು.
ಹಾನುಸ್ ಗಡಿಯಾರ ನೋಡಿದ.
ಮಾಡಿನ ತಗಡು ಎಲ್ಲೋ ಒಂದು ಮೂಲೆಯಲ್ಲಿ ಪಟಪಟಿಸಿತು.

ಆಮೇಲೆ ತೋಳು ಹಿಂದಕ್ಕೆ ಹೋದವು,
ಅಷ್ಟು ಹಿಂದಕ್ಕೆ, ಆಗಸ್ಟಿನವರೆಗೆ,
ಮತ್ತು ಹಾರಿದಳು.
ನೂರಾ ಐವತ್ತೆಂಟು.
ಇಳಿದಲ್ಲೇ ನಿಂತಳು, ಎರಡಲ್ಲ,
ಹತ್ತೆಣಿಸುವಷ್ಟು.

ಎಂಬತ್ತೊಂದು, ಎಂದು ಬರೆದೆ.
ಹಾನುಸ್ ಕಾಫಿಗೇ ಏನೋ ಬೈದು ಹೊರಟುಹೋದ.
ಇನ್ನು ಅಳುತ್ತಾಳೆ ಅಂತ ಕಾದೆ,
ಟವೆಲ್ಲು ಕೂಡ ಹತ್ತಿರ ಎಳೆದುಕೊಂಡೆ.

ಅವಳು ತನ್ನ ಬಲಗಾಲನ್ನು
ಊರಿಗೆ ಹೊಸದಾಗಿ ಬಂದವರನ್ನು ನೋಡುವಂತೆ ನೋಡುತ್ತಾ
ಕೇಳಿದಳು: ಮಾರ್ಯುನ್, ಇನ್ನೊಂದು ಸಲ ಹಾರಲಾ?
ಲೆಕ್ಕಕ್ಕಲ್ಲ, ಸುಮ್ಮನೆ.

ನೆಲದಿಂದ ಪಟ್ಟಿಯನ್ನು ಸರ್ರನೆ ಕಿತ್ತೆ.
ಹಾರು, ಅಂದೆ.
ಬಲಗಾಲಲ್ಲಿ ಮಾತ್ರ.