ಗುಲ್ಮಪ್ಪನ ವಿಳಾಸ

ಬನಹಟ್ಟಿಯ ಸರ್ಕಾರಿ ದವಾಖಾನೆಯಲ್ಲಿ
ಕಂಪೌಂಡರ್ ಹುಸೇನಸಾಬರ ಕಿಟಕಿಯ ಕೆಳಗೆ
ಖಾಲಿ ಬಾಟಲಿ ಹಿಡಿದು ನಿಂತಾಗ ನನಗೆ ಏಳು ವರ್ಷ.
ಗುಲಾಬಿ ಬಣ್ಣದ ಔಷಧ; ಬಾಟಲಿಗೆ ಅಂಟಿಸಿದ
ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ,
ಒಂದು ಹಲ್ಲಿಗೆ ಒಂದು ಗುಟುಕು.
ನಾನು ಓದಿದ ಮೊದಲ ಪುಸ್ತಕ ಅದೇ.

ಮುತ್ಯಾ ಕೆಮ್ಮುತ್ತಿದ್ದ. ಡಾಕ್ಟರು ಒಂದು ದಿನ
ಸ್ಟೆಥಾಸ್ಕೋಪು ನನ್ನ ಕಿವಿಗೆ ಸಿಕ್ಕಿಸಿ
"ಕೇಳವಾ" ಅಂದರು.
ಒಳಗೆ ಮಗ್ಗ ನಡೆದಿತ್ತು.
ಐವತ್ತು ವರ್ಷ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದವನ
ಎದೆಯೊಳಗೆ ಯಾರೋ ಇನ್ನೂ ಲಾಳಿ ಒಗೆಯುತ್ತಿದ್ದರು,
ನಡುನಡುವೆ ಎಳೆ ಹರಿದ ಸದ್ದು.

ಡಾಕ್ಟರಾಗುವುದಕ್ಕೆ ಹನ್ನೊಂದು ಅಂಕ ಕಡಿಮೆ ಬಿತ್ತು.
ಬೆಳಗಾವಿಯಿಂದ ಬಸ್ಸಿನಲ್ಲಿ ತಿರುಗಿ ಬರುವಾಗ ಅಪ್ಪ
ಗೋಕಾಕದಲ್ಲಿ ಚಹಾ ಕೊಡಿಸಿದ, ಮಾತಾಡಲಿಲ್ಲ.
ಆಮೇಲೆ ಸಾಲಿ, ಸೀಮೆಸುಣ್ಣ, ಮಕ್ಕಳ ಕಥೆ.

ಕಥೆಯೊಳಗೆ ಯಾರು ಬಂದರೂ ಜಡ್ಡು ಬಿದ್ದರು.
ಕಪ್ಪೆಗೆ ಮಂಗನಬಾವು, ಆನೆಗೆ ಬಿಕ್ಕಳಿಕೆ,
ಇಲಿಗೆ ಕಾಮಣಿ. ಹಳದಿ ಇಲಿಯ ಚಿತ್ರ ನೋಡಿ
ಪ್ರಕಾಶಕರು, "ಅಕ್ಕೋರ, ಒಮ್ಮೆರ ರಾಜಕುಮಾರಿ ಕಥಿ ಬರೀರಿ" ಅಂದರು.
ಬರೆದೆ.
ಅವಳಿಗೆ ಗಳಗಂಡ ಬಂತು.

ಗುಳಿಗೆಯ ಡಬ್ಬಿಯೊಳಗಿನ ಮಡಿಚಿದ ಚೀಟಿ
ಯಾರ ಮನೆಯಲ್ಲಿ ಸಿಕ್ಕರೂ ಬಿಡಿಸಿ ಓದುತ್ತೇನೆ.
ಮತ್ತೆ ಅದೇ ಮಡಿಕೆಗೆ ಅದು ಬರುವುದಿಲ್ಲ.

ಈಗ ಅರವತ್ತೆಂಟಕ್ಕೆ, ಬಾಗಲಕೋಟೆಯ ನವನಗರದಲ್ಲಿ
ಪಿತ್ತಕೋಶ ತೆಗೆಸಿಕೊಂಡು ಮಲಗಿದ್ದೇನೆ.
ಕಲ್ಲುಗಳನ್ನು ಕೇಳಿ ಇಸಕೊಂಡೆ; ಡಬ್ಬಿಯಲ್ಲಿವೆ,
ಅಲುಗಾಡಿಸಿದರೆ ಮಾತಾಡುತ್ತವೆ.
ಡ್ಯೂಟಿ ಡಾಕ್ಟರ್, ತೇರದಾಳದ ಹುಡುಗಿ, ರೇಷ್ಮಾ ಅತ್ತಾರ:
"ಗುಲ್ಮಪ್ಪನ ಕಥಿ ನಿಮ್ದಲ್ರೀ?
ಒಬ್ಬ ಹುಡುಗನ ಬಲಪಕ್ಕಡಿ ಕೆಳಗ ಮನಿ ಮಾಡಿದ್ದ ನೋಡ್ರಿ,
ಅದನ್ನ ನಂಬಿ ಮೊದಲ ವರ್ಷದ ಪರೀಕ್ಷೆದಾಗ
ಗುಲ್ಮ ಬಲಕ್ಕ ಐತಿ ಅಂದೆ.
ಸರ್ ನಕ್ಕು ನಕ್ಕು ಕುರ್ಚಿ ಹಿಡಕೊಂಡ್ರು."

ಮೂವತ್ತು ವರ್ಷ. ಆರು ಮುದ್ರಣ.
ಒಬ್ಬರೂ ಹೇಳಲಿಲ್ಲ.
ಹೊಲಿಗೆ ಜಗ್ಗಿದರೂ ನಕ್ಕೆ:
"ಆ ಹುಡುಗ ಕನ್ನಡಿಯೊಳಗ ಇದ್ದ, ತಂಗಿ."
"ಹಂಗೇನ್ರೀ?" ಅನ್ನುತ್ತ ಬಿಪಿ ಬರೆದುಕೊಂಡು ಹೋದಳು.

ಸುಳ್ಳು. ದೀಪ ಆರಿದ ಮೇಲೆ
ಎಡಗಡೆ, ಪಕ್ಕೆಲುಬುಗಳ ಅಂಚಿಗೆ ಬೆರಳಿಟ್ಟು
ಮೆಲ್ಲಗೆ ಬಡಿದೆ, ಕದ ಬಡಿದ ಹಾಗೆ.
ಪಕ್ಕದ ಹಾಸಿಗೆಯ ಮುದುಕಿ ಹೊರಳಿ
"ಯಾರನ್ನ ಕರೀತೀಯವಾ?" ಅಂದಳು.