ಹಳದಿ, ಬಿಳಿ, ಕೆಂಪು

ಹನ್ನೊಂದು ವರ್ಷದಿಂದ ರೂವಿಯಲ್ಲಿ ಲಿಫ್ಟ್ ರಿಪೇರಿ.
ದಿನಕ್ಕೆ ನಲವತ್ತು ಸಲ ಹತ್ತಿ, ನಲವತ್ತು ಸಲ ಇಳಿಯುತ್ತೇನೆ
ಕಾಲು ಎತ್ತಿಡದೆ.
ಲೆಕ್ಕ ಹಾಕಿದರೆ ಎಷ್ಟೋ ಬೆಟ್ಟ ಆದೀತು, ಅಂದೆ.
ಗ್ರೆಟ್ಟಾ ಲೋಬೊ ನಗಲಿಲ್ಲ.
ಶುಕ್ರವಾರ ಬಾ, ರಿಯಾಮ್ ಪಾರ್ಕಿನ ಗೇಟಿಗೆ, ಐದೂವರೆಗೆ.
ನೀರು ಮೂರು ಲೀಟರ್. ಹೊಸ ಶೂ ಬೇಡ.

ನನ್ನಲ್ಲಿ ಇದ್ದದ್ದೇ ಒಂದು ಜೊತೆ,
ಮೂತಿಗೆ ಉಕ್ಕು ಕಟ್ಟಿದ ಕಂಪನಿ ಶೂ.
ಚೀಲದಲ್ಲಿ ಟಾರ್ಚು, ಕೊಡೆ, ಎರಡು ಟವೆಲ್ಲು,
ಯಾಕೋ ಒಂದು ಸ್ಪ್ಯಾನರ್,
ರೂಮಿನ ಮೊಯ್ದಿನಬ್ಬ ಒತ್ತಾಯದಿಂದ ತುರುಕಿದ ಡಜನ್ ಬಾಳೆಹಣ್ಣು.
ನೀರು ಒಂದೇ ಬಾಟಲಿ.
ಮೂರು ಅಂದದ್ದು ಕೇಳಿಸಿತ್ತು, ನಂಬಿಕೆ ಬಂದಿರಲಿಲ್ಲ.
ಜನವರಿ ತಾನೆ.

ನೈಟ್ ಡ್ಯೂಟಿ ಮುಗಿಸಿ ನೇರ ಬಂದಿದ್ದಳು ಅವಳು,
ಕಣ್ಣ ಕೆಳಗೆ ವಾರ್ಡಿನ ಕತ್ತಲು ಇನ್ನೂ ಅಂಟಿತ್ತು.
ಮೊದಲ ಬಂಡೆಯ ಮೇಲೆ ಮೂರು ಪಟ್ಟೆ ಬಣ್ಣ:
ಹಳದಿ, ಬಿಳಿ, ಕೆಂಪು.
ಇದು ಕಾಣುವತನಕ ದಾರಿ.
ಕಾಣದಿದ್ದರೆ ಮುಂದೆ ಹೋಗಬೇಡ,
ಹಿಂದಿನ ಗುರುತಿಗೆ ವಾಪಸ್ ಬಾ.
ಅಷ್ಟೇ ಪಾಠ.

ನಾನು ಇಳಕಲ್ಲಿನವ. ಕಲ್ಲು ಅಂದರೆ
ಪಾಲಿಶ್ ಆದ ಕೆಂಪು, ಮುಖ ಕಾಣುವಂಥದ್ದು.
ಇದು ಬೇರೆಯೇ ಜಾತಿ. ಸೀದ ಬೆಲ್ಲದ ಬಣ್ಣ, ಗರಗಸದ ಅಂಚು,
ಕೈಯಿಟ್ಟಲ್ಲಿ ಪುಡಿ.
ಹುಲ್ಲಿಲ್ಲ, ನೆರಳಿಲ್ಲ, ಹಿಡಿಯಲು ಕಂಬಿಯಿಲ್ಲ.

ಹತ್ತು ನಿಮಿಷ ನಾನೇ ಮುಂದೆ.
ಹನ್ನೊಂದನೆಯದಕ್ಕೆ ಎದೆಯೊಳಗೆ ಹಳೆ ಮೋಟರೊಂದು ಚಾಲೂ ಆಯಿತು,
ಬೇರಿಂಗು ಸವೆದದ್ದು. ಆ ಸದ್ದು ನನಗೆ ಗೊತ್ತು.
ಯಾರದ್ದಾದರೂ ಕಟ್ಟಡದಲ್ಲಿ ಕೇಳಿದ್ದರೆ
'ಬಳಸಬೇಡಿ' ಬೋರ್ಡು ತೂಗುಹಾಕಿ
ಚಹಾಕ್ಕೆ ಹೋಗಿಬಿಡುತ್ತಿದ್ದೆ.

ಮಾತಾಡುತ್ತ ನಡಿ, ಅಂದಳು.
ಮಾತು ನಿಂತರೆ ವೇಗ ಹೆಚ್ಚಾಯಿತು ಅಂತ ಅರ್ಥ.
ಏನು ಮಾತಾಡಲಿ?
ಬಾಗಿಲು ಮುಚ್ಚುವ ಬಟನ್ನಿನ ಕತೆ ಹೇಳಿದೆ:
ನಾನು ಬಿಚ್ಚಿ ನೋಡಿದ ಎಷ್ಟೋ ಕಡೆ
ಅದರ ವೈರು ಯಾವುದಕ್ಕೂ ಜೋಡಿಸಿರಲಿಲ್ಲ,
ಸುಮ್ಮನೆ, ಒತ್ತುವವರ ಸಮಾಧಾನಕ್ಕೆ.
ಈಗ ನಕ್ಕಳು, ಬಂಡೆಗೆ ಒರಗಿ, ಹೊಟ್ಟೆ ಹಿಡಿದು.
ಆ ಸಂದಿನಲ್ಲಿ ನನಗೂ ಉಸಿರು ಸಿಕ್ಕಿತು.

ನೆತ್ತಿಯಲ್ಲಿ ಗಾಳಿ.
ಕೆಳಗೆ ಮತ್ರಾ ಬಂದರು, ಒಂದು ಬಿಳಿ ಹಡಗು,
ಅಲುಗದ ನೀರು.
ಟವೆಲ್ಲು ಹಾಸಿ, ಹಾರದಂತೆ ಸ್ಪ್ಯಾನರ್ ಇಟ್ಟೆ.
ಬಾಟಲಿ ಖಾಲಿ. ಅವಳು ತನ್ನದನ್ನು ಚಾಚಿದಳು,
ಒಂದು ಮಾತೂ ಆಡದೆ;
ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ನಾನೇ ಮುಂದೆ ಇಳಿದೆ, ಕಲಿತವನ ಹಾಗೆ.
ಆಡಿನ ಹಿಕ್ಕೆ ಬಿದ್ದ ಜಾಡೊಂದು ಸಲೀಸಾಗಿ ಕಂಡಿತು.
ಹೋದೆ. ಹೋದೆ.
ತಿರುಗಿದರೆ ಎಲ್ಲ ಬಂಡೆಯೂ ಒಂದೇ ಬಂಡೆ.
ಬಣ್ಣವಿಲ್ಲ. ಫೋನಿಗೆ ಸಿಗ್ನಲ್ಲಿಲ್ಲ.
ಕೂಗಿದೆ. ಕಣಿವೆ ನನ್ನ ದನಿಯನ್ನೇ ವಾಪಸ್ ಕೊಟ್ಟಿತು,
ಸ್ವಲ್ಪ ತೆಳ್ಳಗೆ ಮಾಡಿ.

ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ
ಬಾಗಿಲಾಚೆಯಿಂದ ನಾನು ಹೇಳುವ ಮಾತೊಂದಿದೆ:
ಗಾಬರಿ ಬೇಡ, ಇದ್ದಲ್ಲೇ ನಿಲ್ಲಿ, ಉಸಿರಾಡಿ.
ಅರಬ್ಬಿಯಲ್ಲಿ ಬರುತ್ತದೆ, ಹಿಂದಿಯಲ್ಲಿ, ಮಲಯಾಳದಲ್ಲಿ,
ಮುರುಕು ಬಂಗಾಳಿಯಲ್ಲೂ.
ಕನ್ನಡದಲ್ಲಿ ಹೇಳಿರಲಿಲ್ಲ ಒಮ್ಮೆಯೂ.
ಕನ್ನಡದವರು ಯಾರೂ ಸಿಕ್ಕಿಕೊಂಡಿರಲಿಲ್ಲ
ಇವತ್ತಿನವರೆಗೆ.

ನಿಂತೆ. ಉಸಿರಾಡಿದೆ.
ಹತ್ತಿದೆ ಹಿಕ್ಕೆ ಹಿಕ್ಕೆ ಎಣಿಸುತ್ತ,
ಇಳಿದ ದಾರಿಯನ್ನು ಹತ್ತುವ ಅವಮಾನದಲ್ಲಿ.
ಹಳದಿಯ ತುದಿ ಮೊದಲು ಕಂಡಿತು.
ಆ ಬಂಡೆಯ ಮೇಲೆ ಗ್ರೆಟ್ಟಾ ಕೂತಿದ್ದಳು,
ಐದನೆಯ ಬಾಳೆಹಣ್ಣು ಸುಲಿಯುತ್ತ.
ಸಿಪ್ಪೆಗೆ ಕಾದು ಒಂದು ಆಡು.

ಇಳಿಜಾರಿನಲ್ಲಿ ಬೆರಳುಗಳು ಉಕ್ಕಿಗೆ ಬಡಿದವು, ಹೆಜ್ಜೆಗೊಮ್ಮೆ.
ಹತ್ತುವುದೇ ಕಷ್ಟ ಅಂದುಕೊಂಡಿದ್ದೆ.
ಮತ್ರಾದಲ್ಲಿ ಕರಕ್ ಚಹಾ ಕುಡಿದು ಶೂ ಬಿಚ್ಚಿದರೆ
ಹೆಬ್ಬೆರಳಿನ ಉಗುರು ನೇರಳೆ.

ಭಾನುವಾರ ಫೋರ್ಮನ್ ಕೇಳಿದ,
ಹದಿಮೂರರ ಸ್ಪ್ಯಾನರ್ ಎಲ್ಲಿ?
ಮೇಲೆ ಬಿಟ್ಟುಬಂದೆ.
ಯಾವ ಮಹಡಿ?
ಶುಕ್ರವಾರ ತರುತ್ತೇನೆ, ಅಂದೆ.